ಖಾಲಿದಿಯಾದ ಮನೆಯಲ್ಲಿ ಡಚ್ಚರ ಕಾನೂನು

ದುಬೈನ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ಗೋಡೆಯಿಲ್ಲ. ಮನೆ ತೋರಿಸಿದ ಏಜೆಂಟ್ ಅದನ್ನೊಂದು ದೊಡ್ಡ ಸೌಭಾಗ್ಯವೆಂಬಂತೆ ಬಣ್ಣಿಸಿದ್ದ. ನಾನು ಮಾತ್ರ, ಒಗ್ಗರಣೆಯ ಹೊಗೆಗೆ ಬೆಂಕಿಯ ಅಲಾರಂ ಕೂಗಿ, ಹತ್ತು ಮಹಡಿಯ ಜನರೆಲ್ಲ ಮೆಟ್ಟಿಲಿಳಿದು ಕೆಳಗೆ ನಿಂತು, ಕೊನೆಗೆ ವಾಚ್‌ಮನ್ ನನ್ನತ್ತ ಬೆರಳು ತೋರಿಸುವ ದೃಶ್ಯವನ್ನು ಮನಸ್ಸಿನಲ್ಲೇ ಪೂರ್ತಿ ನೋಡಿ ಮುಗಿಸಿ ಆಮೇಲೆ ಸಹಿ ಹಾಕಿದ್ದೆ. ಗೋಡೆಯ ಬದಲು ನೆಲದಲ್ಲೊಂದು ಗೆರೆಯಿದೆ: ಈಚೆ ಹಾಲ್‌ನ ಬಿಳಿ ಟೈಲ್ಸ್, ಆಚೆ ಅಡುಗೆಮನೆಯ ಬೂದು ಟೈಲ್ಸ್. ಮಂಗಳೂರಿನಲ್ಲಿ ನನ್ನ ತಂಗಿಯ ಜೊತೆಗಿರುವ ಅಮ್ಮ ಈ ಚಳಿಗಾಲಕ್ಕೆ ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದಿದ್ದಾಳೆ. ಮನೆಯೆಲ್ಲ ಓಡಾಡುತ್ತಾಳೆ, ಬಾಲ್ಕನಿಯಲ್ಲಿ ನಿಂತು ಮೆಟ್ರೋ ಹೋಗುವುದನ್ನು ನೋಡುತ್ತಾಳೆ. ಆದರೆ ಹಾಲ್‌ನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೆ ಅವಳ ಕಾಲು ಆ ಗೆರೆಯ ಹತ್ತಿರ ಬಂದು ನಿಂತುಬಿಡುತ್ತದೆ. ಕೈಯಲ್ಲಿ ತಟ್ಟೆಯಿದ್ದರೆ ಅಲ್ಲಿಂದಲೇ ಚಾಚುತ್ತಾಳೆ. ಮೊನ್ನೆ ನನ್ನ ಹೆಂಡತಿ, ಅತ್ತೆಗೆ ಮಂಡಿ ನೋವಿರಬೇಕು, ಡಾಕ್ಟರಿಗೆ ತೋರಿಸೋಣವಾ ಎಂದಳು. ಮಂಡಿಯದ್ದಲ್ಲ ಎಂದು ನನಗೆ ಗೊತ್ತಿತ್ತು. ಎದ್ದು ಹೋಗಿ ಗ್ಯಾಸ್ ಆರಿಸಿದೆಯೇ ಎಂದು ನೋಡಿ ಬಂದೆ. ಆರಿಸಿತ್ತು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದೆ.

ಚಿಂತೆ ಮಾಡುವುದೇ ನನ್ನ ಕಸುಬು. ಇದು ಅಲಂಕಾರದ ಮಾತಲ್ಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ನಾನು ಸೇಫ್ಟಿ ನೋಡಿಕೊಳ್ಳುವವನು. ಏನೇನು ಕೆಡಬಹುದು ಎಂದು ದಿನವಿಡೀ ಊಹಿಸುವುದಕ್ಕೆ ಅವರು ನನಗೆ ಸಂಬಳ ಕೊಡುತ್ತಾರೆ. ಅಪ್ಪ ಅಮ್ಮ ನನಗೆ ಸುಧೀರ ಎಂದು ಹೆಸರಿಟ್ಟರು. ಆ ಹೆಸರಿಗೆ ನಾನು ಒಂದು ದಿನವೂ ನ್ಯಾಯ ಒದಗಿಸಲಿಲ್ಲ. ಈ ಕಸುಬನ್ನು ನಾನು ಎಲ್ಲಿ ಕಲಿತೆ ಎಂದು ಕೇಳಿದರೆ ಜಾಗವನ್ನು ಸರಿಯಾಗಿ ತೋರಿಸಬಲ್ಲೆ: ಅಬುಧಾಬಿಯ ಖಾಲಿದಿಯಾದಲ್ಲಿ, ಮೂರನೇ ಮಹಡಿಯ ಮನೆಯೊಂದರ ಅಡುಗೆಮನೆಯ ಹೊಸ್ತಿಲಿನ ಮೇಲೆ, ಅರ್ಧ ಮೈ ಆಚೆ, ಅರ್ಧ ಮೈ ಈಚೆ ಇಟ್ಟುಕೊಂಡು ಕೂತು.

ಆ ಮನೆಯಲ್ಲಿ ಇದ್ದದ್ದು ಒಂದು ಹಾಲ್, ಒಂದು ಮಲಗುವ ಕೋಣೆ, ಹಾಲ್‌ನ ಬೆನ್ನಿಗೆ ಅಂಟಿಕೊಂಡ ಉದ್ದನೆಯ ಅಡುಗೆಮನೆ. ಕಿಟಕಿಯ ಏಸಿ ಲಾರಿಯಂತೆ ಸದ್ದು ಮಾಡುತ್ತಿದ್ದುದರಿಂದ ನಾವು ಮೂವರೂ ಕೂಗಿ ಮಾತಾಡುವವರಾಗಿದ್ದೆವು; ತಂಗಿ ಇನ್ನೂ ಹುಟ್ಟಿರಲಿಲ್ಲ. ಅಪ್ಪ ಒಂದು ಆಸ್ಪತ್ರೆಯ ಔಷಧಿ ಸ್ಟೋರಿನಲ್ಲಿದ್ದರು. ಪುತ್ತೂರಿನ ಹತ್ತಿರದ ಹಳ್ಳಿಯಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು. ಗಲ್ಫಿಗೆ ಬರುವ ಮೊದಲು ಮುಂಬಯಿಯಲ್ಲಿ ನಡೆದ ಸಂದರ್ಶನದಲ್ಲಿ ಇಂಗ್ಲಿಷಿನಲ್ಲಿ ಏನೋ ಕೇಳಿದಾಗ ಅವರ ಬಾಯಿಯೇ ಬರಲಿಲ್ಲವಂತೆ. ಉತ್ತರ ಗೊತ್ತಿತ್ತಂತೆ, ಬಾಯಿ ಬರಲಿಲ್ಲವಂತೆ. ಗುಮಾಸ್ತೆಯ ಕೆಲಸ ಕೈತಪ್ಪಿ ಸ್ಟೋರಿನ ಕೆಲಸ ಸಿಕ್ಕಿತು. ಆ ಅರ್ಧ ನಿಮಿಷದ ಮೌನವನ್ನು ಅವರು ಪಾಸ್‌ಪೋರ್ಟಿನ ಹಾಗೆ ಎಲ್ಲ ಕಡೆ ಜೊತೆಯಲ್ಲೇ ಹೊತ್ತುಕೊಂಡು ತಿರುಗಿದರು. ಅಂಥವರ ಮಗನಾದ ನಾನು ಮೊದಲ ಶಾಲೆಯ ಸಂದರ್ಶನದಲ್ಲಿ ಏನು ಮಾಡಿದೆ? ಹೆಸರು ಕೇಳಿದರು, ಹೇಳಲಿಲ್ಲ. ಚೆಂಡು ತೋರಿಸಿ ಇದು ಯಾವ ಬಣ್ಣ ಎಂದರು, ಆ ಚೆಂಡನ್ನು ತೆಗೆದುಕೊಂಡು ಮೇಜಿನ ಅಡಿಗೆ ಹೋದೆ. ಸೀಟು ಸಿಗಲಿಲ್ಲ.

ಇನ್ನೊಂದು ಶಾಲೆಯಲ್ಲಿ ಮೂರು ತಿಂಗಳ ಬಳಿಕ ಸಂದರ್ಶನವಿತ್ತು. ಅಲ್ಲೂ ಆಗದಿದ್ದರೆ ನನ್ನನ್ನು ಪುತ್ತೂರಿಗೆ, ದೊಡ್ಡಮ್ಮನ ಮನೆಗೆ ಕಳುಹಿಸುವುದು ಎಂದು ತೀರ್ಮಾನವಾಯಿತು. ಅಪ್ಪ ದೊಡ್ಡಮ್ಮನಿಗೆ ಕಾಗದ ಬರೆದರು, ಅಂಟಿಸಿದರು, ಸ್ಟಾಂಪೂ ಹಚ್ಚಿದರು. ಆದರೆ ಅಂಚೆಗೆ ಹಾಕಲಿಲ್ಲ. ಫ್ರಿಜ್ಜಿನ ಮೇಲೆ ಹಾಲಿನ ಪುಡಿಯ ಡಬ್ಬದ ಅಡಿಯಲ್ಲಿಟ್ಟರು. ಡಬ್ಬದ ಅಂಚಿನಿಂದ ಅದರ ನೀಲಿ ಮೂಲೆಯೊಂದು ಹೊರಗೆ ಕಾಣುತ್ತಿತ್ತು. ಹಾಲು ಕುಡಿಯುವಾಗಲೆಲ್ಲ ನಾನು ಆ ಮೂಲೆಯನ್ನು ನೋಡುತ್ತಿದ್ದೆ. ಅಮ್ಮನನ್ನು ಬಿಟ್ಟು ಹೋಗಬೇಕು ಎಂಬುದಕ್ಕೆ ನನಗೆ ಗೊತ್ತಿದ್ದ ಬಣ್ಣ ಅದು.

ನಮ್ಮ ಎದುರು ಮನೆಯಲ್ಲಿ ಇಂಡೋನೇಷ್ಯಾದ ಒಬ್ಬ ಮುದುಕಿ ಇದ್ದರು. ಮಗ ಹೋಟೆಲಿನಲ್ಲಿ ದೊಡ್ಡ ಕೆಲಸದಲ್ಲಿದ್ದ; ಬೆಳಿಗ್ಗೆ ಹೋದವನು ರಾತ್ರಿಯೇ ಬರುತ್ತಿದ್ದ. ಇಡೀ ಕಟ್ಟಡ ಅವರನ್ನು ಓಮಾ ಎಂದು ಕರೆಯುತ್ತಿತ್ತು. ಓಮಾ ಎಂದರೆ ಡಚ್ ಭಾಷೆಯಲ್ಲಿ ಅಜ್ಜಿ. ಜಾವಾದಲ್ಲಿ ಹುಟ್ಟಿದವರಿಗೆ ಡಚ್ ಹೆಸರು ಯಾಕೆ ಎಂದು ಆಗ ನಮಗೆ ಹೊಳೆಯಲೇ ಇಲ್ಲ. ಅಬುಧಾಬಿಯಲ್ಲಿ ಯಾರ ಹೆಸರು ಎಲ್ಲಿಯದೆಂದು ಯಾರು ಕೇಳುತ್ತಾರೆ? ಓಮಾ ಮೆಟ್ಟಿಲು ಹತ್ತುವಾಗ ಡಚ್ಚಿನಲ್ಲಿ ಎಣಿಸುತ್ತಿದ್ದರು. ಬೇಜಾರಾದಾಗ ತಮ್ಮಷ್ಟಕ್ಕೇ ಡಚ್ಚಿನಲ್ಲಿ ಮಾತಾಡುತ್ತಿದ್ದರು. ಬೇರೆ ಯಾರೊಂದಿಗೂ ಆಡುವಂತಿರಲಿಲ್ಲ, ಅವರ ಮಗನಿಗೇ ಅದು ಬರುತ್ತಿರಲಿಲ್ಲ. ಅಪ್ಪನ ಕಣ್ಣಿಗೆ ಅವರು ಮಹಾ ವಿದ್ಯಾವಂತೆ. ಒಂದು ಶುಕ್ರವಾರ ಅವರನ್ನು ಚಹಾಕ್ಕೆ ಕರೆದು, ನನ್ನನ್ನು ಎದುರಿಗೆ ನಿಲ್ಲಿಸಿ, ಇವನ ಬಾಯಿ ಬಿಡಿಸುವುದು ಹೇಗೆ ಎಂದು ಕೇಳಿದರು.

ಓಮಾ ಬಿಡಿಬಿಡಿಯಾದ ಇಂಗ್ಲಿಷಿನಲ್ಲಿ ತಮ್ಮ ಕತೆ ಹೇಳಿದರು. ಅವರ ಕಾಲದಲ್ಲಿ ಜಾವಾದಲ್ಲಿ ಡಚ್ಚರ ಆಳ್ವಿಕೆ. ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂಬುದರ ಮೇಲೆ ಯಾವ ಶಾಲೆ ಎಂದು ತೀರ್ಮಾನ. ಹಳ್ಳಿಯ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಮೂರು ವರ್ಷ; ಸರಕಾರದ ನೋಟಿಸು ಓದುವಷ್ಟು ಬಂದರೆ ಸಾಕು. ಸ್ಥಳೀಯ ಅಧಿಕಾರಿಗಳ ಮಕ್ಕಳಿಗೆ ಡಚ್ ಕಲಿಸುವ ಬೇರೆ ಶಾಲೆ. ಎಲ್ಲಕ್ಕಿಂತ ಮೇಲೆ ಬಿಳಿಯರ ಮಕ್ಕಳ ಶಾಲೆ. ಅದರೊಳಗೆ ಕಂದು ಮಕ್ಕಳು ಒಬ್ಬಿಬ್ಬರು ನುಗ್ಗಬಹುದಿತ್ತು, ಅಪ್ಪನಿಗೆ ಒಳ್ಳೆಯ ಹುದ್ದೆಯಿದ್ದರೆ ಮತ್ತು ಮಗು ಆಗಲೇ ಡಚ್ ಆಡುತ್ತಿದ್ದರೆ. ಮನೆಯಲ್ಲಿ ನಿಜವಾಗಿ ಆ ಭಾಷೆ ಇದೆಯೇ ಎಂದು ನೋಡಲು ಅವರ ಊರಿನ ಶಾಲೆಯ ಮೇಡಂ ಚಹಾದ ನೆಪದಲ್ಲಿ ಬರುತ್ತಿದ್ದಳಂತೆ. ಓಮಾನ ಅಪ್ಪ ಜಿಲ್ಲಾ ಕಚೇರಿಯಲ್ಲಿದ್ದವರು. ಮನೆಗೆ ಮುಂದೊಂದು ಜಗಲಿ, ಹಿಂದೊಂದು ಜಗಲಿ. ಮುಂದಿನ ಜಗಲಿಯಲ್ಲಿ ಡಚ್ ಬಿಟ್ಟು ಬೇರೆ ಭಾಷೆ ಕೂಡದು ಎಂದು ಆ ಅಪ್ಪ ಕಟ್ಟಳೆ ಮಾಡಿದರು. ಉಳಿದದ್ದೆಲ್ಲ ಹಿಂದಿನ ಜಗಲಿಗೆ. ಒಂದು ವರ್ಷ ಹಾಗೆ ನಡೆಯಿತು. ಮೇಡಂ ಬಂದಳು, ಚಹಾ ಕುಡಿದಳು, ಎಂಟು ವರ್ಷದ ಓಮಾನನ್ನು ಮಾತಾಡಿಸಿದಳು. ಸೀಟು ಸಿಕ್ಕಿತು.

ಕತೆ ಇನ್ನೂ ಉಳಿದಿತ್ತು. ಓಮಾ ಚಹಾ ಹೀರಲೆಂದು ನಿಲ್ಲಿಸಿದ್ದರು ಅಷ್ಟೆ. ಆದರೆ ಅಪ್ಪನಿಗೆ ಬೇಕಾದದ್ದು ಸಿಕ್ಕಿಯಾಗಿತ್ತು. ಅದೇ ಸಂಜೆ ಅವರು ಕಂದು ಬಣ್ಣದ ಬಟ್ಟೆ ತಂದು, ಅಡುಗೆಮನೆಯ ಬಾಗಿಲಿಗೆ ಪರದೆ ಕಟ್ಟಿದರು. ಈಚೆ ಇಂಗ್ಲಿಷ್, ಆಚೆ ಕನ್ನಡ. ಈಚೆ ಡ್ಯಾಡಿ, ಮಮ್ಮಿ. ಆಚೆ ಅಪ್ಪ, ಅಮ್ಮ. ಅಮ್ಮ ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈಚೆಯ ಭಾಷೆ ಅವಳಿಗೆ ಬರುತ್ತಿರಲಿಲ್ಲ. ಕಾನೂನಿನಲ್ಲಿ ಅವಳ ಹೆಸರು ಎಲ್ಲೂ ಇರಲಿಲ್ಲ. ಆದರೂ ಅವಳೊಬ್ಬಳೇ ಪರದೆಯ ಆಚೆ ಉಳಿದಳು. ಅಮ್ಮನಿಂದ ನನ್ನನ್ನು ಅಗಲಿಸಬಾರದೆಂದು ಮಾಡಿದ ಏರ್ಪಾಡು ಇದು. ಈಗ ಬರೆಯುವಾಗ ನಗು ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ.

ಮೂರು ತಿಂಗಳು ನಮ್ಮ ಊಟ ಹೀಗೆ ನಡೆಯಿತು: ಹಾಲ್‌ನಲ್ಲಿ ಚಾಪೆಯ ಮೇಲೆ ನಾನು ಮತ್ತು ಡ್ಯಾಡಿ ಎದುರುಬದುರು. ಪರದೆಯ ಅಡಿಯಿಂದ ಬಳೆಯ ಕೈಯೊಂದು ಬಂದು ನೀರುದೋಸೆ ಇಟ್ಟು ಹಿಂದೆ ಸರಿಯುತ್ತಿತ್ತು. ನೀರುದೋಸೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಅಪ್ಪನಿಗೂ ಗೊತ್ತಿಲ್ಲದ್ದರಿಂದ ನಾವು ಅದನ್ನು ಬ್ರೆಡ್ ಎಂದು ಕರೆದೆವು. ಚಟ್ನಿ ಜ್ಯಾಮ್ ಆಯಿತು. ಸಾರಿಗೆ ಖಾರ ಹೆಚ್ಚಾದರೆ ದೂರಲು ನನಗೆ ಪದವಿಲ್ಲ. ಕಣ್ಣೀರು ಹಾಕಿಕೊಂಡು ನಗುತ್ತಾ ತಿಂದೆ. ಅಪ್ಪನ ಇಂಗ್ಲಿಷ್ ಮೂರು ದಿನಕ್ಕೆ ಮುಗಿದುಹೋಯಿತು. ಆಮೇಲೆ ಅವರು ಆಸ್ಪತ್ರೆಯ ಸ್ಟೋರಿನಲ್ಲಿ ಬಳಸುವ ಮಾತುಗಳನ್ನೇ ಮನೆಗೆ ತಂದರು. ನನ್ನ ಚಡ್ಡಿ ಔಟ್ ಆಫ್ ಸ್ಟಾಕ್, ನಾಳೆಯ ಸ್ನಾನ ಅರ್ಜೆಂಟ್. ಜಗಳ ಮಾಡಬೇಕಾದರೆ ಮಾತ್ರ ಅಡುಗೆಮನೆಗೇ ಹೋಗಬೇಕಿತ್ತು, ಏಕೆಂದರೆ ಇಂಗ್ಲಿಷಿನಲ್ಲಿ ಜಗಳ ಮಾಡುವಷ್ಟು ಅವರಿಗೆ ಬರುತ್ತಿರಲಿಲ್ಲ. ಪರದೆ ಸರಿಸಿ ಒಳಗೆ ಹೋಗಿ, ಕನ್ನಡದಲ್ಲಿ ಚೆನ್ನಾಗಿ ಜಗಳವಾಡಿ, ಹೊರಗೆ ಬಂದು ನನ್ನನ್ನು ನೋಡಿ, ಹೌ ಆರ್ ಯೂ ಎನ್ನುತ್ತಿದ್ದರು. ಒಂದು ದಿನ ಒಳಗಿನಿಂದ ಅಮ್ಮನ ಮಾತು ಸ್ಪಷ್ಟವಾಗಿ ಕೇಳಿಸಿತು:

“ನನ್ನ ಮಗನಿಗೆ ನಾನು ಎಂತ ಆಗ್ಬೇಕು ಅಂತ ಮಾಡಿದ್ದೀರಿ ನೀವು? ಕ್ಯಾಂಟೀನಾ?”

“ಮೂರು ತಿಂಗಳು ಮಾರಾಯ್ತಿ. ಪುತ್ತೂರಿಗೆ ಹೋದ್ರೆ ಹತ್ತು ವರ್ಷ.”

ಆಮೇಲೆ ಅಮ್ಮ ದೋಸೆಯ ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದಷ್ಟೇ ಕೇಳಿತು.

ಆದರೆ ಪರದೆಯ ಆಚೆ ಬದುಕು ಈಚೆಗಿಂತ ಸೊಗಸಾಗಿ ಬೆಳೆಯತೊಡಗಿತು. ಮಧ್ಯಾಹ್ನ ಅಪ್ಪ ಇಲ್ಲದಾಗ ಓಮಾ ಬಂದು ನೇರ ಅಡುಗೆಮನೆಗೆ ಹೋಗುತ್ತಿದ್ದರು. ಇಬ್ಬರಿಗೂ ಒಂದು ಭಾಷೆಯಿಲ್ಲ. ಆದರೆ ತೆಂಗಿನಕಾಯಿ, ಹುಣಸೆಹುಳಿ, ಬೆಲ್ಲ ಇತ್ತು. ಬೆಲ್ಲಕ್ಕೆ ಅವರು ಗುಲಾ ಎಂದಾಗ ಅಮ್ಮ, ಇದು ನಮ್ಮ ಗುಡವೇ ಎಂದು ಬೆರಗಾದಳು. ಗಂಡನಿಗೆ ಅವರ ಕಡೆ ಸುವಾಮಿ ಎನ್ನುತ್ತಾರೆಂದು ತಿಳಿದಾಗ ಅವಳು ನಕ್ಕ ನಗು ಮೆಟ್ಟಿಲವರೆಗೆ ಕೇಳಿಸಿರಬೇಕು. ನಾನು ಹೊಸ್ತಿಲಿನ ಮೇಲೆ ಕೂರುತ್ತಿದ್ದೆ. ಒಳಗೆ ಹೋದರೆ ಕಲಿತದ್ದು ಸೋರಿಹೋಗುತ್ತದೆ, ಆಮೇಲೆ ಆ ನೀಲಿ ಕಾಗದ ಅಂಚೆಗೆ ಹೋಗುತ್ತದೆ ಎಂಬ ಲೆಕ್ಕ ನನ್ನದು. ಕೂತಲ್ಲಿ ಕೂರಲಾಗದೆ ಏಳುತ್ತಿದ್ದೆ, ಹಾಲ್‌ನ ಗೋಡೆಯವರೆಗೆ ಓಡಿ ಅದನ್ನು ಮುಟ್ಟಿ ಬಂದು ಮತ್ತೆ ಕೂರುತ್ತಿದ್ದೆ. ಅಮ್ಮ ಒಳಗಿನಿಂದ ಕರೆದರೆ, ನೋ ಮಮ್ಮಿ ಎನ್ನುತ್ತಿದ್ದೆ. ಕ್ರಮೇಣ ಅವಳು ಕರೆಯುವುದನ್ನು ಬಿಟ್ಟಳು.

ಸಂದರ್ಶನದ ದಿನ ನನಗೆ ಟೈ ಕಟ್ಟಿದರು. ಅಮ್ಮನನ್ನೂ ಕರೆದುಕೊಂಡು ಹೋಗಲೇಬೇಕಿತ್ತು, ತಂದೆ ತಾಯಿ ಇಬ್ಬರೂ ಬರಬೇಕೆಂದು ಶಾಲೆಯವರು ಬರೆದಿದ್ದರು. ಅಪ್ಪ ಅವಳನ್ನು ಕಾರಿಡಾರಿನ ಬೆಂಚಿನಲ್ಲಿ ಕೂರಿಸಿ, ನಾವು ಬರುವವರೆಗೆ ಇಲ್ಲೇ ಇರು ಎಂದರು. ಒಳಗೆ ಹೆಡ್‌ಮಿಸ್ ತಾಯಿ ಎಲ್ಲಿ ಎಂದು ಕೇಳಿದಾಗ, ಹುಷಾರಿಲ್ಲ, ಬಂದಿಲ್ಲ ಎಂದುಬಿಟ್ಟರು. ಆಮೇಲೆ ನನ್ನ ಸರದಿ. ಹೆಸರು ಹೇಳಿದೆ. ಬಣ್ಣ ಹೇಳಿದೆ. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದ್ದಕ್ಕೆ ಬ್ರೆಡ್ ಆಂಡ್ ಜ್ಯಾಮ್ ಎಂದೆ, ಬಾಯಲ್ಲಿನ್ನೂ ಬೆಳ್ಳುಳ್ಳಿ ಚಟ್ನಿಯ ರುಚಿಯಿತ್ತು. ಅಪ್ಪನ ಮುಖ ಅರಳುತ್ತಿತ್ತು. ಆಗ ಹೆಡ್‌ಮಿಸ್ ಒಂದು ಚಿತ್ರ ತೋರಿಸಿ, ಜೇಡಕ್ಕೆ ಎಷ್ಟು ಕಾಲು ಎಂದು ಕೇಳಿದರು. ಅದನ್ನು ನಾವು ನೂರು ಸಲ ಬಾಯಿಪಾಠ ಮಾಡಿದ್ದೆವು. ಆದರೆ ಆ ಕ್ಷಣ ನನಗೆ ಡಬ್ಬದ ಅಡಿಯ ನೀಲಿ ಮೂಲೆ ಕಂಡಿತು. ಬಾಯಿ ಬರಲಿಲ್ಲ. ಅಪ್ಪನ ಕಡೆ ನೋಡಿದೆ. ಅವರ ಬಾಯಿಯೂ ಸುಮ್ಮನೆ ತೆರೆದಿತ್ತು. ಮುಂಬಯಿಯ ಅರ್ಧ ನಿಮಿಷ ಅಬುಧಾಬಿಗೆ ಬಂದು ನಮ್ಮಿಬ್ಬರ ನಡುವೆ ಕೂತಿತ್ತು. ಆಗಷ್ಟೇ ಚಹಾ ತಂದವನು ಬಾಗಿಲನ್ನು ಅರ್ಧ ತೆರೆದು ಬಿಟ್ಟುಹೋಗಿದ್ದ. ಕಾರಿಡಾರಿನಿಂದ ಒಂದು ದನಿ ಬಂತು:

“ಎಯ್ಟ್.”

ಮೂರು ತಿಂಗಳು ಪರದೆಯ ಆಚೆಯಿಂದ ನಮ್ಮ ಎಲ್ಲ ಪ್ರಶ್ನೆ, ಎಲ್ಲ ಉತ್ತರ ಕೇಳಿಸಿಕೊಂಡವಳು ಅವಳೊಬ್ಬಳೇ. ಯಾರದು ಎಂದು ಹೆಡ್‌ಮಿಸ್ ನನ್ನನ್ನು ಕೇಳಿದರು. ಮಮ್ಮಿ ಎಂದೆ. ಹುಷಾರಿಲ್ಲ ಎಂದರಲ್ಲ, ಎಲ್ಲಿದ್ದಾರೆ ಎಂದರು. ಇದು ಬಾಯಿಪಾಠದಲ್ಲಿ ಇರಲಿಲ್ಲ. ಇಂಗ್ಲಿಷಿನಲ್ಲಿ ನಾನಾಗಿಯೇ ಹೇಳಿದ ಮೊದಲ ಮಾತು ಬಹುಶಃ ಅದೇ. ಮಮ್ಮಿ ಅಡುಗೆಮನೆಯಲ್ಲಿ ಇರುತ್ತಾಳೆ, ಅವಳು ಹಾಲ್‌ಗೆ ಬರುವ ಹಾಗಿಲ್ಲ ಎಂದು ವಿವರವಾಗಿ ತಿಳಿಸಿದೆ. ವ್ಯಾಕರಣ ಸರಿಯಿತ್ತೋ ಇಲ್ಲವೋ, ವಿಷಯ ಅವರಿಗೆ ಮುಟ್ಟಿತು.

ಹೆಡ್‌ಮಿಸ್ ತಾವೇ ಎದ್ದು ಹೋಗಿ ಅಮ್ಮನನ್ನು ಕರೆದರು. ಅಮ್ಮ ಚಪ್ಪಲಿ ಬಿಟ್ಟು ಬಾಗಿಲವರೆಗೆ ಬಂದು ಅಲ್ಲೇ ನಿಂತಳು. ಅಪ್ಪನನ್ನು ನೋಡಿದಳು. ಅಪ್ಪ ಮೇಜಿನ ಕಾಲನ್ನು ನೋಡುತ್ತಿದ್ದರು. ಹೆಡ್‌ಮಿಸ್ ಫಾರ್ಮಿಗೆ ಸಹಿ ಹಾಕಿ ಅಪ್ಪನ ಕಡೆ ತಳ್ಳಿದರು. ಅವರು ಹೇಳಿದ್ದು ಇಷ್ಟೇ:

“ಮನೆಯಲ್ಲಿ ನೀವು ಏನು ಬೇಕಾದರೂ ಮಾತಾಡಿ. ಇಂಗ್ಲಿಷ್ ನಾವು ಕಲಿಸುತ್ತೇವೆ. ಶಾಲೆ ಇರುವುದೇ ಅದಕ್ಕಲ್ಲವೇ?”

ಹಾಗಾಗಿ ವಿಷಯ ಹೀಗಿತ್ತು: ಆ ಶಾಲೆಗೆ ಅಂಥ ಕಟ್ಟಳೆಯೇ ಇರಲಿಲ್ಲ. ಎಲ್ಲೋ ಸಮುದ್ರದಾಚೆ ಸತ್ತು ಮಣ್ಣಾದ ಸಾಮ್ರಾಜ್ಯವೊಂದರ ಶಿಕ್ಷಣ ನೀತಿಯನ್ನು, ಯಾರೂ ಕೇಳದೆ, ಅರಬ್ಬರ ನಾಡಿನಲ್ಲಿ, ಚಾಚೂ ತಪ್ಪದೆ ಜಾರಿಗೆ ತಂದ ಕುಟುಂಬ ಪುತ್ತೂರಿನ ನಮ್ಮದು. ಮುಂದೆ ದೊಡ್ಡವನಾದ ಮೇಲೆ ಡಚ್ಚರ ಆ ಶಾಲೆಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ನನಗೆ ಅನಿಸಿದ್ದು, ಅವರು ಭಾಷೆಯನ್ನು ಕಲಿಸುವುದಕ್ಕಿಂತ ಹೆಚ್ಚು ಅದಕ್ಕೆ ಬೀಗ ಹಾಕುವುದನ್ನು ಬಲ್ಲವರು ಎಂದು. ಬೀಗ ಹಾಕಿದ ಕೋಣೆಯಲ್ಲಿ ಏನೋ ಇದೆ ಎಂದುಕೊಂಡು ಜನ ತಮ್ಮ ಮನೆಯ ಕೋಣೆಗಳನ್ನೇ ಬದಲಾಯಿಸಿಕೊಂಡರು. ಬೀಗ ಹಾಕಿದವರು ಹೋದ ಮೇಲೂ ಅವರವರ ಮನೆಯ ಬಾಗಿಲನ್ನು ಅವರವರೇ ಕಾಯುತ್ತಿದ್ದರು.

ಆ ಸಂಜೆ ಅಪ್ಪ ಕಾಗದವನ್ನು ಡಬ್ಬದ ಅಡಿಯಿಂದ ತೆಗೆದು ಹರಿದರು. ಅಕ್ಕಿಹಿಟ್ಟು, ತೆಂಗಿನಕಾಯಿ, ಬೆಲ್ಲ ಸೇರಿಸಿ ಮಾಡಿದ ತಮ್ಮ ಕಡೆಯ ಸಿಹಿ ಹಿಡಿದು ಓಮಾ ಬಂದರು. ಹಾಲ್‌ನಲ್ಲಿ ಕೂತು, ಅಡುಗೆಮನೆಯ ಪರದೆಯನ್ನು ನೋಡಿ, ಇದಿನ್ನೂ ಯಾಕೆ ಎಂದರು. ಆಮೇಲೆ ಅವತ್ತು ಚಹಾ ಹೀರಲೆಂದು ನಿಲ್ಲಿಸಿದ್ದ ಕತೆಯ ಉಳಿದರ್ಧವನ್ನು ಹೇಳಿದರು. ನನಗೆ ಆಗ ಆರು ವರ್ಷ. ಇದರಲ್ಲಿ ನಾನು ಕೇಳಿದ್ದೆಷ್ಟು, ಅಪ್ಪ ಆಮೇಲೆ ಹೇಳಿದ್ದೆಷ್ಟು ಎಂದು ಬಿಡಿಸಲಾರೆ. ಓಮಾನಿಗೆ ಸೀಟು ಸಿಕ್ಕ ಮೇಲೂ ಮುಂದಿನ ಜಗಲಿಯ ಕಟ್ಟಳೆ ಹೋಗಲಿಲ್ಲ. ತಮ್ಮಂದಿರಿದ್ದರು, ಮೇಡಂ ಮತ್ತೆ ಬರಬಹುದಿತ್ತು. ಡಚ್ ಬಾರದ ಅವರ ಅಮ್ಮ ಹಿಂದಿನ ಜಗಲಿಯಲ್ಲೇ ಉಳಿದರು. ಯುದ್ಧ ಬಂತು, ಜಪಾನಿಯರು ಬಂದರು, ಡಚ್ ಆಡಿದರೆ ಅಪಾಯ ಎಂದಾಯಿತು. ಓಮಾನ ಅಪ್ಪ ಡಚ್ ಪುಸ್ತಕಗಳನ್ನೆಲ್ಲ ಹಿತ್ತಿಲಿನಲ್ಲಿ ಹೂತರು. ಕೊನೆಗೆ ಸ್ವಾತಂತ್ರ್ಯ ಬಂದಾಗ ಇಡೀ ದೇಶದ ಶಾಲೆಗೆ ಬಂದದ್ದು ಅವರ ಹಿಂದಿನ ಜಗಲಿಯಲ್ಲಿ, ಸಂತೆಯಲ್ಲಿ ಆಡುತ್ತಿದ್ದ ಮಲಯ ಮಾತು. ಆ ಅಮ್ಮನಿಗೆ ಅದು ನೀರು ಕುಡಿದಂತೆ ಬರುತ್ತಿತ್ತು. ಮಗಳು ಅದನ್ನು ಹೊಸದಾಗಿ ಕಲಿಯಬೇಕಾಯಿತು.

“ಆದರೂ ನನ್ನಮ್ಮ ಸಾಯುವವರೆಗೆ ಮುಂದಿನ ಜಗಲಿಗೆ ಬಂದು ಕೂರಲಿಲ್ಲ,” ಎಂದರು ಓಮಾ. “ಪರೀಕ್ಷೆ ಮುಗಿಯಿತು ಅಂತ ಅವಳಿಗೆ ಯಾರೂ ಹೇಳಲೇ ಇಲ್ಲ.”

ಅಪ್ಪ ಎದ್ದರು. ಪರದೆಯನ್ನು ಪಕ್ಕಕ್ಕೆ ಸರಿಸಿದರು. ಹಾಲ್‌ನಲ್ಲಿ ನಿಂತುಕೊಂಡೇ, ಕನ್ನಡದಲ್ಲಿ ಹೇಳಿದರು:

“ಬಾ, ಇಲ್ಲಿ ಬಂದು ಕೂತ್ಕೊ.”

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಂದು ಹೆಜ್ಜೆ ಇಟ್ಟಳು. ಕತೆ ಅಲ್ಲಿಗೆ ಚೆನ್ನಾಗಿಯೇ ಮುಗಿಯುತ್ತಿತ್ತು. ಮುಗಿಯದಂತೆ ನೋಡಿಕೊಂಡವನು ನಾನು. ಸೀಟು ಕೊಟ್ಟವರು ಕಿತ್ತುಕೊಳ್ಳಲೂಬಹುದು, ಒಂದು ಕಾಗದ ಹರಿದವರು ಇನ್ನೊಂದು ಬರೆಯಲೂಬಹುದು. ಆರು ವರ್ಷದವನ ತಲೆಯಲ್ಲಿ ಇವೆಲ್ಲ ಇದ್ದವು. ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತು, ಎರಡೂ ಕೈ ಚಾಚಿ, ಹೇಳಿದೆ:

“ನೋ ಕನ್ನಡ ಇನ್ ದ ಹಾಲ್, ಡ್ಯಾಡಿ.”

ಅಪ್ಪ ನಕ್ಕರು. ಆಮೇಲೆ ನಾನು ನಡುಗುತ್ತಿರುವುದನ್ನು ನೋಡಿ ನಗು ನಿಲ್ಲಿಸಿದರು. ಅಮ್ಮ ಅಪ್ಪನಿಗಿಂತ ಮೊದಲೇ ಅದನ್ನು ನೋಡಿದ್ದಳು. ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆದಳು.

“ಇರ್ಲಿ ಬಿಡಿ. ಹೆದರಿದ್ದಾನೆ ಮಗು. ನಂಗೆ ಇಲ್ಲೇ ಆಗ್ತದೆ.”

ಓಮಾ ಸಿಹಿಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿ, ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಾನು ಆ ಬಾಗಿಲನ್ನು ಎರಡು ವರ್ಷ ಕಾದೆ. ಆಮೇಲೆ ಕಾಯುವುದನ್ನು ಮರೆತೆ. ಪರದೆ ಹಳತಾಗಿ ನೆಲ ಒರೆಸುವ ಬಟ್ಟೆಯಾಯಿತು. ಮರೆತೆ ಎಂದೆನಲ್ಲ, ಅದು ಮಾತ್ರ ಮುಖ್ಯ: ಕಾಯುವವನು ಮರೆತ, ಬಂದು ಕೂರು ಎಂದು ಅಮ್ಮನಿಗೆ ಹೇಳಲಿಲ್ಲ. ಓಮಾ ಮಗನ ಜೊತೆ ಬೇರೆ ದೇಶಕ್ಕೆ ಹೋದರು. ಅಪ್ಪ ಈಗಿಲ್ಲ.

ನಿನ್ನೆ ಶನಿವಾರ ಮಧ್ಯಾಹ್ನ. ನನ್ನ ಮಗಳು ಇಳಾ ಮತ್ತು ಅವಳ ಗೆಳತಿ ಸೋಫಾದ ಮೇಲೆ ಕಾಲು ಮಡಚಿ ಕೂತು ಇಂಗ್ಲಿಷಿನಲ್ಲಿ ಯಾರನ್ನೋ ಆಡಿಕೊಳ್ಳುತ್ತಿದ್ದರು. ಅಮ್ಮ ನೀರುದೋಸೆಯ ತಟ್ಟೆ ಹಿಡಿದು ಬಂದಳು. ಬೂದು ಟೈಲ್ಸ್ ಮುಗಿಯುವಲ್ಲಿ ನಿಂತಳು. ಕೈ ಚಾಚಿದಳು. ಇಳಾ ನೋಡಲಿಲ್ಲ, ಅವಳ ಒಂದು ಕಿವಿಯಲ್ಲಿ ಇಯರ್‌ಫೋನ್ ಇತ್ತು. ಆ ಕೈ ಗಾಳಿಯಲ್ಲಿ ಹಾಗೇ ಇತ್ತು. ನಾನು ಎದ್ದೆ, ಅಭ್ಯಾಸದಂತೆ ಗ್ಯಾಸಿನ ಕಡೆ ಹೊರಟೆ, ಅರ್ಧದಲ್ಲಿ ನಿಂತೆ. ನಲವತ್ತು ವರ್ಷ ಮೀರಿದ ವಿಷಯವನ್ನು ಎರಡು ಹುಡುಗಿಯರ ಎದುರು ಹೇಗೆ ಹೇಳುವುದು, ಹೇಳಿದರೆ ಅವಳಿಗೆ ಅವಮಾನವಾದರೆ, ಅವಳಿಗೆ ನೆನಪೇ ಇಲ್ಲದಿದ್ದರೆ, ಅಥವಾ ಅವಳಿಗೆ ನಿಜವಾಗಿಯೂ ಮಂಡಿ ನೋವೇ ಆಗಿದ್ದರೆ. ಇಷ್ಟೆಲ್ಲ ಯೋಚಿಸಿಯಾದ ಮೇಲೆ, ಹಾಲ್‌ನ ಮಧ್ಯದಲ್ಲಿ ನಿಂತು, ಏಸಿಯ ಸದ್ದಿಲ್ಲದಿದ್ದರೂ ಕೂಗಿಯೇ ಹೇಳಿದೆ:

“ಅಮ್ಮ, ಇಲ್ಲಿ ಬಂದು ಕೂತ್ಕೊ. ಪರೀಕ್ಷೆ ಮುಗಿದಿದೆ.”

ಹುಡುಗಿಯರು ತಲೆಯೆತ್ತಿದರು. ಅಮ್ಮ ನನ್ನನ್ನು ನೋಡಿದಳು. ಆಮೇಲೆ ಕಾಲಬೆರಳಿನ ಮುಂದಿದ್ದ ಗೆರೆಯನ್ನು ನೋಡಿದಳು. ತಟ್ಟೆ ಹಿಡಿದುಕೊಂಡೇ ದಾಟಿದಳು. ಇಳಾಳ ಪಕ್ಕದಲ್ಲಿ, ಸೋಫಾದ ತುದಿಯಲ್ಲಿ, ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕೂತಂತೆ ಕೂತಳು.

“ಇವರು ಎಂತಾದ್ರೂ ಕೇಳಿದ್ರೆ?” ಎಂದಳು ನನಗೆ ಮಾತ್ರ ಕೇಳುವಂತೆ.

“ಎಂತ ಕೇಳುದಿಲ್ಲ ಅಮ್ಮ.”

“ಕೇಳಿದ್ರೆ ಎಯ್ಟ್ ಅಂತ ಹೇಳ್ತೇನೆ,” ಎಂದಳು. ಮತ್ತೆ ಸ್ವಲ್ಪ ಹಿಂದಕ್ಕೆ ಸರಿದು, ಬೆನ್ನು ಒರಗಿಸಿ ಕೂತಳು.